ಹದಿನೇಳನೆಯ ಕಂಬಿ

ಅಗಸಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಹಸಿವಾಯಿತು. ಗದಗಿನಾಕಿ ನಾನು. ಅಗಸಿ ಅಂದರೆ ನಮಗೆ ಚಟ್ನಿ ಪುಡಿ, ಬಿಸಿ ರೊಟ್ಟಿ, ಪಕ್ಕಕ್ಕೊಂದಿಷ್ಟು ಕೆನೆ ಮೊಸರು. ಆದರೆ ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಆ ವಾಸನೆ ಬಂತೆಂದರೆ ಯಾರೋ ಹಳೆಯ ಮರಕ್ಕೆ ಎಣ್ಣೆ ಕುಡಿಸುತ್ತಿದ್ದಾರೆ ಅಂತ. ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಹಮೀದ್ ಅಂಕಲ್ ಮನೆಯ ಅಂಗಳದಲ್ಲಿ ನಿಂತಿದ್ದೆ. ಅಂಕಲ್ ಮನೆ ಅಂತಲೇ ಇನ್ನೂ ಬಾಯಿಗೆ ಬರುತ್ತದೆ, ಏನು ಮಾಡಲಿ. ಅವರು ಮಾರಿ ಹೋಗಿ ಮೂರು ವರ್ಷವಾಯಿತು. ಈಗ ಅಲ್ಲಿ ಒಂದು ಹೊಸ ಜೋಡಿ ಇದೆ. ಮುಂಬಾಗಿಲ ಪೋರ್ಚನ್ನು ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿಸುತ್ತೇವೆ ಎಂದು ಅವರು ಹಳೆಯ ಮನೆಗಳ ರೂಪ ಕಾಯುವ ಊರಿನ ಹಿಸ್ಟಾರಿಕ್ ಕಮಿಷನ್‌ಗೆ ಅರ್ಜಿ ಹಾಕಿದ್ದರು. ನಾನು ಆ ಕಮಿಷನ್ನಿನ ಸದಸ್ಯೆ. ನಮ್ಮ ಚೇರ್ಮನ್ ವಾಲ್ಟ್ ಜೊತೆ ಜಾಗ ನೋಡಲು ಹೋಗಿದ್ದೆ.

ಅಂಗಳದಲ್ಲಿ ಎರಡು ಸ್ಟ್ಯಾಂಡುಗಳ ಮೇಲೆ ಕಂಬಿಗಳನ್ನು ಸಾಲಾಗಿ ಮಲಗಿಸಿದ್ದರು. ಕಂಬಿ ಅಂದರೆ ಕಬ್ಬಿಣದ್ದಲ್ಲ. ಪೋರ್ಚಿನ ಕಟಾಂಜನದಲ್ಲಿ, ಅಂದರೆ ರೇಲಿಂಗಿನಲ್ಲಿ, ಒಂದರ ಪಕ್ಕ ಒಂದು ನಿಲ್ಲಿಸಿರುತ್ತಾರಲ್ಲ, ಕಡೆದ ಮರದವು, ಕುತ್ತಿಗೆ ಸಣ್ಣ, ಹೊಟ್ಟೆ ದಪ್ಪ, ಹಳೆಯ ಮಂಚದ ಕಾಲಿನ ಹಾಗೆ. ಬೇಸ್‌ಮೆಂಟಿನಲ್ಲಿ, ಹಿಂದೆ ಕಲ್ಲಿದ್ದಲು ಸುರಿಯುತ್ತಿದ್ದ ಮೂಲೆಯಲ್ಲಿ, ಹಾಸಿಗೆ ಬಟ್ಟೆ ಸುತ್ತಿ ಇಟ್ಟಿದ್ದವಂತೆ. ಹೊಸಬರಿಗೆ ಸಿಕ್ಕಿದವು. ಎಲ್ಲವೂ ಈ ಮನೆಯವೇ, ನೂರು ಚಿಲ್ಲರೆ ವರ್ಷದ ಮೂಲ ಕಂಬಿಗಳೇ.

ವಾಲ್ಟ್ ಎಪ್ಪತ್ತು ದಾಟಿದ ಮನುಷ್ಯ, ನಿವೃತ್ತ ಆರ್ಕಿಟೆಕ್ಟ್. ಹಳೆಯ ಮೊಳೆ ಕಂಡರೂ ಮೊಮ್ಮಗನನ್ನು ಕಂಡಂತೆ ಮುಖ ಅರಳಿಸುತ್ತಾನೆ. ಅವತ್ತಂತೂ ಕುಣಿಯುವುದೊಂದು ಬಾಕಿ. ಒಂದು ಕಂಬಿ ಎತ್ತಿ ತಲೆಕೆಳಗು ಮಾಡಿ, ಬಣ್ಣ ಹತ್ತದ ಬುಡವನ್ನು ನನಗೆ ತೋರಿಸಿದ. "ನೋಡು ಗಿರಿಜಾ, ಬಡಗಿಯ ಗುರುತು. ಒಂದೊಂದಕ್ಕೂ ಬೇರೆ ಬೇರೆ. ನಲವತ್ತು ವರ್ಷದಲ್ಲಿ ನಾನು ಇಂಥ ಗುರುತಿನ ಪದ್ಧತಿ ನೋಡೇ ಇಲ್ಲ. ಜರ್ಮನ್ ಬಡಗಿ ಇರಬಹುದಾ? ಡಚ್?"

ನೋಡಿದೆ. ಪೆನ್ಸಿಲಿನಲ್ಲಿ, ಒತ್ತಿ ಒತ್ತಿ, ಸ್ವಲ್ಪ ನಡುಗಿದ ಗೆರೆಯಲ್ಲಿ ಬರೆದಿತ್ತು: ೨೩.

ಪಕ್ಕದ್ದು ೨೪. ಅದರ ಪಕ್ಕದ್ದು ೨೫. ಆ ೨ರ ಬಾಲವನ್ನು ಅಷ್ಟು ಉದ್ದ ಎಳೆಯುವ ಕೈ ಯಾರದೆಂದು ನನಗೆ ಗೊತ್ತು. "ಹದಿನಾರಾದ ಮೇಲಿನ ಒಂದು ಮಾತ್ರ ಕಾಣೆಯಾಗಿದೆ" ಎಂದು ವಾಲ್ಟ್ ಹೇಳುತ್ತಿದ್ದ, ಪೋರ್ಚಿನ ಹಳೆಯ ಫೋಟೋಗೆ ಕಂಬಿಗಳನ್ನು ಒಂದೊಂದಾಗಿ ಹೊಂದಿಸಿ ನೋಡುತ್ತಾ. ತಲೆನೋವು ಅಂತ ಒಂದು ನೆಪ ಹೇಳಿ ಮನೆಗೆ ಬಂದುಬಿಟ್ಟೆ.

ಈಗ ಅಂಕಲ್ ಮನೆ ಬಿಟ್ಟುಹೋದ ಆ ವರ್ಷದ ಕಥೆ ಹೇಳಬೇಕು. ಹೇಳಲು ಉತ್ಸಾಹವೇನೂ ಇಲ್ಲ. ಆದರೆ ಹೇಳದೆ ಮೂರು ವರ್ಷ ಇಟ್ಟುಕೊಂಡು ಸಾಕಾಗಿದೆ.

ನಮ್ಮ ಜನ ಎಲ್ಲ ಹಿಲ್ಸ್‌ಬರೋ ಕಡೆ, ಕೆಂಡಲ್ ಪಾರ್ಕ್ ಕಡೆ ಹೊಸ ಮನೆ ಕೊಂಡರು. ಎರಡು ಕಾರಿನ ಗರಾಜು, ಫಿನಿಶ್ಡ್ ಬೇಸ್‌ಮೆಂಟು, ಸತ್ಯನಾರಾಯಣ ಪೂಜೆಗೆ ಅರವತ್ತು ಜನ ಕೂಡುವಷ್ಟು ಹಾಲು. ನಾನೂ ನನ್ನ ಗಂಡ ಶಿವಾನಂದನೂ ಈ ಹಳೆಯ ಬೀದಿಗೆ ಬಂದದ್ದು ಹುಚ್ಚು ಅಂತಲೇ ಎಲ್ಲರ ಅಭಿಪ್ರಾಯ. "ಅಲ್ರೀ, ಅಮೇರಿಕಕ್ಕ ಬಂದು ಹಳೇ ಮನಿ ತೊಗೊಂಡೀರಲ್ಲ" ಎಂದು ಹುಬ್ಬಳ್ಳಿ ಕಡೆಯವರೊಬ್ಬರು ಗೃಹಪ್ರವೇಶದ ಊಟ ಉಣ್ಣುತ್ತಲೇ ಹೇಳಿದ್ದರು. ಮೇಪಲ್ ಮರದ ನೆರಳು ಚೆಂದ ಅಂತ ಕೊಂಡೆವು. ಆಮೇಲೆ ಗೊತ್ತಾಯಿತು, ಇದು ಹಿಸ್ಟಾರಿಕ್ ಡಿಸ್ಟ್ರಿಕ್ಟ್, ರಸ್ತೆಗೆ ಕಾಣುವ ಒಂದು ಹಲಗೆ ಬದಲಿಸಬೇಕಾದರೂ ಕಮಿಷನ್ ಒಪ್ಪಬೇಕು ಅಂತ. ನಾನು ರೂಟ್ ಒನ್ ಮೇಲಿನ ಔಷಧ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬರೆದಿಡದ ಕೆಲಸ ಆಗೇ ಇಲ್ಲ ಅನ್ನುವುದು ನಮ್ಮಲ್ಲಿಯ ನಿಯಮ. ಹಾಗಾಗಿ ನಮ್ಮ ಹೊರಬಾಗಿಲು ಬದಲಿಸಲು ದೊಡ್ಡದೊಂದು ಫೈಲು ಮಾಡಿಕೊಂಡು ಹೋದೆ. ವಾಲ್ಟ್ ನಕ್ಕು ಬಾಗಿಲಿಗೂ ಒಪ್ಪಿಗೆ ಕೊಟ್ಟ, ಖಾಲಿ ಇದ್ದ ಕುರ್ಚಿಗೆ ನನ್ನನ್ನೂ ಕರೆದ. ನನಗೆ ಕೊಂಬು ಬಂತು. ಇಡೀ ಕನ್ನಡ ಕೂಟದಲ್ಲಿ ಟೌನ್‌ಶಿಪ್ ಕಮಿಷನ್ನಿನಲ್ಲಿ ಕೂತವಳು ನಾನೊಬ್ಬಳೇ ಅಂತ ಮೆರೆದೆ. ಸುಳ್ಳು ಯಾಕೆ ಹೇಳಲಿ.

ಹಮೀದ್ ಅಂಕಲ್, ಜುಬೇದಾ ಆಂಟಿ ನಮ್ಮಿಂದ ನಾಲ್ಕು ಮನೆ ಆಚೆ. ಮೈಸೂರಿನವರು. ಅಂಕಲ್ ತಂದೆ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಹಲಗೆಗೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಇನ್‌ಲೇ ಕೆಲಸದವರು. ಅಂಕಲ್ ಇಲ್ಲಿಗೆ ಬಂದು ಕಿಚನ್ ಕ್ಯಾಬಿನೆಟ್ ಅಂಗಡಿ ಇಟ್ಟು, ಬೆಳೆಸಿ, ಮಾರಿ, ಕೊನೆಗೆ ಈ ಮನೆ ಕೊಂಡರು. ಕೊಂಡದ್ದೇ ಆ ಪೋರ್ಚಿನ ಕಂಬಿಗಳನ್ನು ನೋಡಿ. "ಕೈಯಲ್ಲಿ ಕಡೆದಿರೋದು ಗಿರಿಜಮ್ಮ, ಎರಡು ಒಂದೇ ಥರ ಇಲ್ಲ, ಮುಟ್ಟಿ ನೋಡು" ಎಂದು ನನ್ನ ಕೈಹಿಡಿದು ಒಂದೊಂದನ್ನೂ ಸವರಿಸಿದ್ದರು. "ನಮ್ಮಪ್ಪನ ಹತ್ರ ಒಂದು ನವಿಲಿಗೆ ಇನ್ನೂರು ಚೂರು. ಒಂದೊಂದರ ಬೆನ್ನಿಗೂ ನಂಬರು. ನಂಬರ್ ಹಾಕದೆ ಚೂರು ಕೆಳಗಿಟ್ಟರೆ ಕಿವಿ ಹಿಂಡೋರು." ಈ ಮಾತು ಅವರು ನನಗೆ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದಾರೆ. ಆ ವರ್ಷ ಒಂದು ಸಲವಾದರೂ ಅದು ನನಗೆ ನೆನಪಾಗಬೇಕಿತ್ತು.

ಆಂಟಿ ಮತ್ತು ನನ್ನ ನಡುವೆ ಡಬ್ಬಿಗಳ ಓಡಾಟ. ಅವರ ಮನೆಯಿಂದ ಬಿರಿಯಾನಿ ಬಂದ ಡಬ್ಬಿ ನಮ್ಮ ಮನೆಯಿಂದ ಚಟ್ನಿ ಪುಡಿ, ಶೇಂಗಾ ಹೋಳಿಗೆ ತುಂಬಿಕೊಂಡು ಹೋಗುತ್ತಿತ್ತು. ಖಾಲಿ ಡಬ್ಬಿ ಯಾವತ್ತೂ ವಾಪಸ್ಸು ಹೋಗಲಿಲ್ಲ. ನನ್ನ ಅಗಸಿ ಚಟ್ನಿ ಅಂದರೆ ಅಂಕಲ್‌ಗೆ ಪ್ರಾಣ. "ನಿನ್ನ ಭಾಷೆ ಕೇಳಿದ್ರೆ ಬೈತಿದ್ದೀಯೋ ಮುದ್ದು ಮಾಡ್ತಿದ್ದೀಯೋ ಗೊತ್ತಾಗಲ್ಲಮ್ಮ, ಚಟ್ನಿ ಮಾತ್ರ ಚೆನ್ನಾಗಿ ಮಾಡ್ತೀಯ" ಎಂದು ಆಂಟಿ ನನ್ನನ್ನು ಕಾಡಿಸುತ್ತಿದ್ದರು.

ಆ ವರ್ಷದ ಬೇಸಿಗೆಗೆ ಅಂಕಲ್‌ಗೆ ಪಾರ್ಕಿನ್ಸನ್ ಶುರುವಾಗಿ ಎರಡು ವರ್ಷವಾಗಿತ್ತು. ಕೈ ನಡುಗುತ್ತಿತ್ತು, ಹೆಜ್ಜೆ ತುಂಡಾಗಿತ್ತು, ದನಿ ದಿನದಿನಕ್ಕೆ ಒಳಗಿಳಿಯುತ್ತಿತ್ತು. ಶುಕ್ರವಾರದ ಜುಮ್ಮಾ ನಮಾಜಿಗೆ ಮಾತ್ರ ತಪ್ಪುತ್ತಿರಲಿಲ್ಲ. ಕಟಾಂಜನ ಹಿಡಿದು, ಮುಂದಿನ ಐದು ಮೆಟ್ಟಿಲು ತಾವೇ ಇಳಿದು, ಕಾರಿನಲ್ಲಿ ತಾವೇ ಕೂರಬೇಕು. ಯಾರೂ ಕೈಕೊಡಬಾರದು. ಆಗಸ್ಟಿನಲ್ಲಿ ಒಂದು ಶುಕ್ರವಾರ ಎರಡನೆಯ ಮೆಟ್ಟಿಲಿನಿಂದ ಬಿದ್ದರು. ಮೂಳೆ ಮುರಿಯಲಿಲ್ಲ, ಹಣೆಗೆ ಹೊಲಿಗೆ ಬಿತ್ತು. ಡಾಕ್ಟರು, ಮೆಟ್ಟಿಲಿನ ಬದಲು ಇಳಿಜಾರಾದ ರ‍್ಯಾಂಪ್ ಹಾಕಿಸಿ ಅಂದರು.

ಸೆಪ್ಟೆಂಬರಿನಲ್ಲಿ ಅವರ ಮನೆಯಲ್ಲಿ ಊಟ. ಆಂಟಿ ಬಡಿಸುತ್ತಾ ಕೇಳಿದರು: "ರ‍್ಯಾಂಪ್ ಮಾಡೋಕೆ ಒಬ್ಬ ಕಾಂಟ್ರಾಕ್ಟರ್ ಸಿಕ್ಕಿದ್ದಾನೆ, ಮುಂದಿನ ತಿಂಗಳು ಒಂದೇ ವೀಕೆಂಡಲ್ಲಿ ಮುಗಿಸ್ತಾನಂತೆ. ನಿಮ್ಮ ಕಮಿಷನ್‌ಗೆ ಮೊದಲು ಅರ್ಜಿ ಕೊಡಬೇಕಾ ಗಿರಿಜಾ?"

ಕೊಡಬೇಕಿತ್ತು. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಲ್ಲಿ ಬಿರಿಯಾನಿ, ಎದುರಿಗೆ ಅಂಕಲ್‌ನ ಹೊಲಿಗೆ ಹಾಕಿದ ಹಣೆ, ತಲೆಯಲ್ಲಿ ನನ್ನ ಕೊಂಬು. ಅರ್ಜಿ, ಡ್ರಾಯಿಂಗು, ನೋಟಿಸು ಅಂತ ಶುರುವಾದರೆ ಎರಡು ತಿಂಗಳಾದರೂ ಹಿಡಿಯುತ್ತದೆ.

"ಮಾಡಿಸಿಬಿಡ್ರಿ ಆಂಟಿ" ಅಂದೆ. "ಕಾಗದಪತ್ರ ಎಲ್ಲಾ ಆಮ್ಯಾಲ ನೋಡೂಣು. ನಾ ಅದೀನಲ್ಲ ಒಳಗ."

ನಮ್ಮವರು ಒಬ್ಬರು ಒಳಗಿದ್ದರೆ ಸಾಕು ಅನ್ನುವ ಮಾತನ್ನು ನಾವು ತಾಲೂಕು ಕಚೇರಿ ಮೆಟ್ಟಿಲಲ್ಲೇ ಕಲಿತು ಬಂದವರು. ಆಂಟಿ ಮುಖ ಎಷ್ಟು ಹಗುರಾಯಿತೆಂದರೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬಿತ್ತು.

ಅಕ್ಟೋಬರಿನ ಒಂದು ಶನಿವಾರ ಕೆಲಸ ಶುರುವಾಯಿತು. ಆಂಟಿ ಆ ದಿನ ಮಗಳು ಸಮೀನಾಳ ಮನೆಗೆ ಓಲ್ಡ್ ಬ್ರಿಡ್ಜಿಗೆ ಹೋಗಿದ್ದರು. ಹಳೆಯ ಕಟಾಂಜನ ಸೊಂಟಕ್ಕೂ ಬರುವುದಿಲ್ಲ, ರ‍್ಯಾಂಪಿಗೆ ಇದು ನಡೆಯುವುದಿಲ್ಲ ಎಂದು ಕಾಂಟ್ರಾಕ್ಟರ್ ಅದನ್ನು ಪೂರ್ತಿ ಕಿತ್ತ. ಮೆಟ್ಟಿಲನ್ನೂ ಒಡೆದ. ಭಾನುವಾರ ಕಸದ ಡಂಪ್‌ಸ್ಟರ್ ತುಂಬಿಕೊಂಡು ಲಾರಿ ಹೋಯಿತು. ಸೋಮವಾರ ಬೆಳಿಗ್ಗೆ ಟೌನ್‌ಶಿಪ್ಪಿನವನು ಬಂದು ಬಾಗಿಲಿಗೆ ಕೆಂಪು ಸ್ಟಿಕರ್ ಅಂಟಿಸಿ ಹೋದ. ಕೆಲಸ ನಿಲ್ಲಿಸಿ, ಕಮಿಷನ್ ಮುಂದೆ ಬನ್ನಿ. ಯಾರೋ ಫೋನ್ ಮಾಡಿ ದೂರು ಕೊಟ್ಟಿದ್ದರು. ಈ ಬೀದಿಯಲ್ಲಿ ಹಾಗೆ ಫೋನ್ ಮಾಡುವವರಿಗೇನು ಬರವಿಲ್ಲ.

ಹೀಗೆ ಆ ಮನೆಗೆ ಮುಂದೆ ಮೆಟ್ಟಿಲೂ ಇಲ್ಲ, ರ‍್ಯಾಂಪೂ ಇಲ್ಲದಂತಾಯಿತು. ಹಿಂದಿನ ಬಾಗಿಲಿಗೆ ಏಳು ಕಡಿದಾದ ಮೆಟ್ಟಿಲು. ಅಂಕಲ್ ಒಳಗೇ ಉಳಿದರು.

ನವೆಂಬರಿನ ಮೀಟಿಂಗಿಗೆ ಆಂಟಿ ಒಬ್ಬರೇ ಬಂದರು. ಅಂಕಲ್ ಬರುವಂತಿರಲಿಲ್ಲ. ಅವರ ರ‍್ಯಾಂಪಿನ ವಿಷಯ ಮಾತಾಡುವ ಸಭೆಗೆ ರ‍್ಯಾಂಪ್ ಇಲ್ಲ ಅಂತ ಅವರೇ ಬರಲಾಗಲಿಲ್ಲ. ಆಂಟಿ ಮೊದಲ ಸಾಲಿನಲ್ಲಿ ಕೂತಿದ್ದರು, ಈದ್‌ಗೆ ಹೊದೆಯುವ ತಿಳಿಹಸಿರು ದುಪಟ್ಟಾ ತಲೆ ಮೇಲೆ. ವೇದಿಕೆಯಲ್ಲಿ ಕೂತಿದ್ದ ನನ್ನನ್ನು ನೋಡಿ ಒಂದು ನಗು ನಕ್ಕರು. ನಮ್ಮ ಹುಡುಗಿ ಇದ್ದಾಳೆ ಅನ್ನುವ ನಗು.

ವಿಚಾರಣೆ ಶುರುವಾಗುವ ಮೊದಲು ಕಮಿಷನ್ನಿನ ಲಾಯರಮ್ಮ ಎಂದಿನಂತೆ ಕೇಳಿದಳು, ಅರ್ಜಿದಾರರ ಜೊತೆ ಯಾರಿಗಾದರೂ ಸ್ನೇಹ, ಸಂಬಂಧ ಇದೆಯೇ ಎಂದು. ನಾನು ಕೈ ಎತ್ತಿದೆ. ಆಂಟಿ ಇನ್ನೂ ಅರಳಿದರು, ಈಗ ನಾನು ಅವರ ಪರವಾಗಿ ಮಾತಾಡುತ್ತೇನೆ ಅಂದುಕೊಂಡು. ಲಾಯರಮ್ಮ, ಹಾಗಾದರೆ ನೀವು ಇದರಲ್ಲಿ ಭಾಗವಹಿಸುವಂತಿಲ್ಲ, ದಯವಿಟ್ಟು ಹೊರಗಿರಿ ಅಂದಳು. ನಾನು ಎದ್ದೆ. ಆಂಟಿಯ ಮುಂದಿನಿಂದಲೇ ನಡೆದು ಹೊರಗೆ ಹೋದೆ. ಅವರು ತಲೆ ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಒಳಗಿರುವುದೇ ಅವರಿಗೆ ಅಡ್ಡಿಯಾಗುತ್ತದೆ ಅನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು.

ಕಾರಿಡಾರಿನಲ್ಲಿ ನಿಂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ವಾಲ್ಟ್ ಕಠೋರವಾಗಿ ಏನೂ ಕೇಳಲಿಲ್ಲ. ಅನುಮತಿ ಇಲ್ಲದೆ ಶುರು ಮಾಡಬಹುದು ಅಂತ ನಿಮಗೆ ಯಾರಾದರೂ ಹೇಳಿದ್ದರೇ, ಅಂದ.

"ನೋ ಸರ್" ಎಂದರು ಆಂಟಿ. "ನೋಬಡಿ. ಅವರ್ ಮಿಸ್ಟೇಕ್."

ಬಾಗಿಲು ತಳ್ಳಿ ಒಳಗೆ ಹೋಗಲು ನಾಲ್ಕು ಹೆಜ್ಜೆ. ನಾನೇ ಹೇಳಿದ್ದು ಅನ್ನಲು ಎರಡು ಮಾತು. ಹೋಗಲಿಲ್ಲ. ಹೆಸರು ಕೆಡುತ್ತದೆ, ಕುರ್ಚಿ ಹೋಗುತ್ತದೆ, ಆಫೀಸಿಗೆ ಗೊತ್ತಾದರೆ ಏನು ಕಥೆ ಅಂತ ಏನೇನೋ ಯೋಚಿಸುತ್ತಾ ಗೋಡೆಗೆ ಒರಗಿ ನಿಂತುಬಿಟ್ಟೆ. ಹೇಡಿ ನಾನು. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ.

ಆಮೇಲೆ ವಾಲ್ಟ್ ಮೂಲ ಕಟಾಂಜನ ಎಲ್ಲಿದೆ ಎಂದು ಕೇಳಿದ. ಕೆಲಸದವರು ಲಾರಿಯಲ್ಲಿ ತೆಗೆದುಕೊಂಡು ಹೋದರು, ಎಸೆದಿರಬೇಕು, ಅಂದರು ಆಂಟಿ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ವಾಲ್ಟ್ ನಿಟ್ಟುಸಿರು ಬಿಟ್ಟ. "ಆ ಕಂಬಿಗಳು ಇದ್ದಿದ್ದರೆ ಈ ಸಂಜೆಯೇ ಒಪ್ಪಿಗೆ ಕೊಟ್ಟು ಕಳಿಸುತ್ತಿದ್ದೆವು" ಎಂದ. ಈಗ ಮೂಲ ವಸ್ತುವೇ ನಾಶವಾಗಿದೆ, ಹೊಸ ಡ್ರಾಯಿಂಗ್ ಬೇಕು, ಹಳೆಯ ಫೋಟೋ ಬೇಕು. ಮುಂದಿನ ತಿಂಗಳಿಗೆ ಹಾಕಿದರು. ಡಿಸೆಂಬರಿನಲ್ಲಿ ಡ್ರಾಯಿಂಗ್ ಸರಿಯಿಲ್ಲ ಅಂತ ಜನವರಿಗೆ ಹೋಯಿತು. ಜನವರಿಯಲ್ಲಿ ಹಿಮ ಬಿದ್ದು ಮೀಟಿಂಗೇ ಆಗಲಿಲ್ಲ. ಫೆಬ್ರವರಿಯಲ್ಲಿ ಕೋರಂ ಇಲ್ಲ, ಯಾಕೆಂದರೆ ಇಬ್ಬರು ಫ್ಲಾರಿಡಾದಲ್ಲಿ, ನಾನು ಲೆಕ್ಕಕ್ಕಿಲ್ಲ.

ಅರ್ಜಿ ಇತ್ಯರ್ಥವಾಗುವ ತನಕ ಅದರ ಬಗ್ಗೆ ಆ ಮನೆಯವರ ಜೊತೆ ಮಾತಾಡಬೇಡಿ ಎಂದು ಲಾಯರಮ್ಮ ನನಗೆ ಹೇಳಿದ್ದಳು. ರ‍್ಯಾಂಪಿನ ಬಗ್ಗೆ ಮಾತಾಡಬೇಡಿ ಅಂದಿದ್ದಳು. ನಾನು ಹೋಗುವುದನ್ನೇ ಬಿಟ್ಟೆ. ಶಿವಾನಂದ ಒಂದು ದಿನ ರೇಗಿ, "ಹೋಗಿ ಮಾತಾಡಿಸಿ ಬಾ. ನಿನ್ನ ಲಾಯರೇನು ಅವರ ಗೇಟಿನಾಗ ಕುಂತಾಳೇನು?" ಎಂದ. ಅವನ ಮೇಲೆ ಹರಿಹಾಯ್ದೆ. ಅವನು ಹೇಳಿದ್ದು ನಿಜ ಅಂತಲೇ ಅಷ್ಟು ಸಿಟ್ಟು.

ಆ ಚಳಿಗಾಲ ಬೆಳಿಗ್ಗೆ ನಾನು ಕೆಲಸಕ್ಕೆ ಡ್ರೈವ್ ಮಾಡಿಕೊಂಡು ಹೋಗುವಾಗ ಅಂಕಲ್ ಮುಂದಿನ ಕಿಟಕಿಯಲ್ಲಿ ಕೂತಿರುತ್ತಿದ್ದರು. ಕೈ ಎತ್ತುತ್ತಿದ್ದರು. ನಾನೂ ಕಾರಿನೊಳಗಿನಿಂದ ಕೈಬೀಸಿ ಸ್ಪೀಡ್ ಹೆಚ್ಚಿಸುತ್ತಿದ್ದೆ. ಅವರು ಏನಾದರೂ ಹೇಳಲು ಕರೆಯುತ್ತಿದ್ದರೋ ಏನೋ. ನಿಲ್ಲಿಸಿ ಕೇಳಿದವಳಲ್ಲ.

ಡಿಸೆಂಬರಿನ ಒಂದು ಶುಕ್ರವಾರ ರಜೆ ಹಾಕಿದ್ದೆ. ಟಪಾಲು ತರಲು ಹೊರಗೆ ಬಂದಾಗ ಕಂಡಿತು. ಸಮೀನಾಳ ಗಂಡ ಮತ್ತು ಮಸೀದಿಯ ಮೂವರು ಅಂಕಲ್‌ನನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಹಿಂದಿನ ಮೆಟ್ಟಿಲು ಇಳಿಸಿ, ಮನೆಯ ಪಕ್ಕದಿಂದ ಹೊತ್ತು ತರುತ್ತಿದ್ದರು. ಟೋಪಿ ಹಿಮದಲ್ಲಿ ಬಿದ್ದಿತ್ತು. ಆಂಟಿ ಅದನ್ನು ಎತ್ತಿ ಕೊಡವುತ್ತಾ ಹಿಂದೆ ಬರುತ್ತಿದ್ದರು. ಅಂಕಲ್ ದನಿ ಜೋರಾಗಿ ಕೇಳಿದ್ದು ಅದೇ ಕೊನೆ.

"ಇಳಿಸಿ ಕೆಳಗೆ! ನಾಲ್ಕು ಜನ ಹೊತ್ತುಕೊಂಡು ಹೋಗೋ ದಿನ ತಾನಾಗೇ ಬರತ್ತೆ. ಅದಕ್ಕೆ ಮುಂಚೆ ಯಾರೂ ನನ್ನ ಹೊರಬೇಡಿ."

ಆಮೇಲೆ ಅವರು ಜುಮ್ಮಾಗೆ ಹೋಗಲಿಲ್ಲ. ಆ ಚಳಿಗಾಲ ಪೂರ್ತಿ ಆ ಮನುಷ್ಯ ಹೊಸ್ತಿಲು ದಾಟಲಿಲ್ಲ. ನಾನು ಟಪಾಲು ಹಿಡಿದುಕೊಂಡು ಒಳಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದೆ. ಅನ್ನ ಇಡುವುದನ್ನೇ ಮರೆತಿದ್ದೆ.

ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು, ಷರತ್ತುಗಳ ಸಮೇತ. ರ‍್ಯಾಂಪ್ ಪಕ್ಕದಿಂದ ಬರಬೇಕು, ಮರದ್ದೇ ಆಗಬೇಕು, ಮುಂದಿನ ಪೋರ್ಚಿಗೆ ಫೋಟೋದಲ್ಲಿ ಇರುವಂತೆಯೇ ಅಷ್ಟೂ ಕಂಬಿಗಳನ್ನು ಹೊಸದಾಗಿ ಕಡೆಸಿ ಹಾಕಬೇಕು. ಅಷ್ಟು ಹೊತ್ತಿಗೆ ಆ ಕಾಂಟ್ರಾಕ್ಟರ್ ಫೋನ್ ಎತ್ತುತ್ತಿರಲಿಲ್ಲ. ಕಂಬಿ ಕಡೆಯುವವನು ಪೆನ್ಸಿಲ್ವೇನಿಯಾದಲ್ಲಿದ್ದ, ಅವನಿಗೆ ಬೇಸಿಗೆಯ ತನಕ ಪುರುಸೊತ್ತಿಲ್ಲ. ಆಂಟಿಗೆ ಇನ್ನು ಓಡಾಡುವ ಶಕ್ತಿ ಉಳಿದಿರಲಿಲ್ಲ. ಈದ್ ದಿನ ನಮ್ಮ ಬಾಗಿಲಲ್ಲಿ ಶೀರ್ ಖುರ್ಮಾದ ಡಬ್ಬಿ ಇಟ್ಟು ಬೆಲ್ ಒತ್ತಿ ಹೋಗಿದ್ದರು. ನಾನು ಬಾಗಿಲು ತೆರೆಯುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ಕರೆಯಲಿಲ್ಲ. ಆ ಡಬ್ಬಿಗೆ ಏನು ತುಂಬಿ ಕಳಿಸಲಿ ಅಂತ ಯೋಚಿಸುತ್ತಾ ತೊಳೆದು ಶೆಲ್ಫಿನಲ್ಲಿಟ್ಟೆ. ಅದು ಅಲ್ಲೇ ಉಳಿಯಿತು.

ಏಪ್ರಿಲಿನಲ್ಲಿ ಮನೆ ಮಾರಿದರು. ಓಲ್ಡ್ ಬ್ರಿಡ್ಜಿನ ಸಮೀನಾಳ ಮನೆ ಒಂದೇ ಅಂತಸ್ತಿನದು, ಮೆಟ್ಟಿಲಿಲ್ಲ. ಹೊರಡುವ ದಿನ ಶಿವಾನಂದ ನನ್ನನ್ನು ಎಳೆದುಕೊಂಡು ಹೋದ. ಅಂಕಲ್ ಯಾರನ್ನೂ ಮುಟ್ಟಗೊಡಲಿಲ್ಲ. ಹಿಂದಿನ ಬಾಗಿಲಲ್ಲಿ ಕೂತು, ಚಿಕ್ಕ ಮಕ್ಕಳ ಹಾಗೆ, ಒಂದೊಂದೇ ಮೆಟ್ಟಿಲಿನ ಮೇಲೆ ಕೂತು ಕೂತು ಕೆಳಗಿಳಿದರು. ಏಳು ಮೆಟ್ಟಿಲಿಗೆ ಎಷ್ಟು ಹೊತ್ತು ಹಿಡಿಯಿತೋ. ನಾವೆಲ್ಲ ಆ ಕಡೆ ಈ ಕಡೆ ನೋಡುತ್ತಾ ನಿಂತಿದ್ದೆವು. ಕಂಕುಳಲ್ಲಿ ಟವೆಲ್ ಸುತ್ತಿದ ಉದ್ದನೆಯದೇನೋ ಇತ್ತು, ಅದನ್ನೂ ಬಿಟ್ಟುಕೊಡಲಿಲ್ಲ. ಊರುಗೋಲು ಅಂದುಕೊಂಡೆ. ಆಂಟಿ ನನ್ನನ್ನು ಅಪ್ಪಿಕೊಂಡು, "ಬರ್ತಾ ಇರು" ಅಂದರು. ಹೂಂ ಅಂದೆ. ಓಲ್ಡ್ ಬ್ರಿಡ್ಜ್ ನಮ್ಮ ಮನೆಯಿಂದ ಅರ್ಧ ಗಂಟೆಯೂ ಅಲ್ಲ. ಮೂರು ವರ್ಷ ಹೋಗಲಿಲ್ಲ.

ಕಂಬಿಗಳನ್ನು ನೋಡಿದ ಮರುದಿನ, ಭಾನುವಾರ, ಅಗಸಿ ಹುರಿದೆ. ಬಳ್ಳೊಳ್ಳಿ, ಒಣಮೆಣಸಿನಕಾಯಿ, ಹುಣಸೆ ಹಾಕಿ ಕುಟ್ಟಿ ಆ ಡಬ್ಬಿ ತುಂಬಿಕೊಂಡು ಹೋದೆ. ಬಾಗಿಲು ತೆರೆದದ್ದು ಆಂಟಿಯೇ. ಸಣ್ಣಗಾಗಿದ್ದರು. ಡಬ್ಬಿ ನೋಡಿ, "ಅಯ್ಯೋ, ಇದು ನಿನ್ನ ಹತ್ರಾನಾ ಇತ್ತು, ನಾನು ಎಲ್ಲೆಲ್ಲಿ ಹುಡುಕಿದೆ" ಎಂದರು, ನಿನ್ನೆ ತಾನೇ ನನ್ನನ್ನು ನೋಡಿದ್ದಂತೆ. ನನಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಕಲ್ ಕಿಟಕಿಯ ಹತ್ತಿರ ದೊಡ್ಡ ಕುರ್ಚಿಯಲ್ಲಿದ್ದರು. ಅವರ ತೊಡೆಯ ಮೇಲೆ ಒಂದು ಕಡೆದ ಮರದ ಕಂಬಿ. ಎರಡೂ ಕೈಯಲ್ಲಿ ಅದರ ಸಣ್ಣ ಕುತ್ತಿಗೆ ಹಿಡಿದಿದ್ದರು. ಹಿಡಿದಾಗ ಕೈನಡುಕ ಕಡಿಮೆಯಾಗುತ್ತದಂತೆ. ಬಿಳಿ ಬಣ್ಣ ಸವೆದು ಸವೆದು ಒಳಗಿನ ಮರ ಕಾಣುತ್ತಿತ್ತು. ನಾನು ಬುಡ ತಿರುಗಿಸಿ ನೋಡುವ ಅಗತ್ಯವಿರಲಿಲ್ಲ.

"ಅಂಕಲ್, ಕಂಬಿ ಎಲ್ಲಾ ಬೇಸ್‌ಮೆಂಟಿನಾಗ ಇದ್ದೂವು. ಯಾಕ ಹೇಳಲಿಲ್ರಿ?"

ಅವರ ತುಟಿ ಅಲ್ಲಾಡಿತು, ದನಿ ಇಲ್ಲ. ಆಂಟಿ ಬಗ್ಗಿ ಕಿವಿಗೊಟ್ಟು ಕೇಳಿ ನನಗೆ ಹೇಳಿದರು: "ಯಾರು ಕೇಳಿದ್ರು ಅಂತಿದ್ದಾರೆ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಬಂತು. ಆ ಶನಿವಾರ ಆಂಟಿ ಇಲ್ಲದಾಗ, ಅಂಕಲ್ ಬಾಗಿಲ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಕೆಲಸದವರು ಕಿತ್ತ ಒಂದೊಂದು ಕಂಬಿಯನ್ನೂ ಕೈಗೆ ತೆಗೆದುಕೊಂಡು ನಂಬರ್ ಬರೆದು, ಅವರಿಂದಲೇ ಕೆಳಗೆ ಇಡಿಸಿದ್ದರು. ರ‍್ಯಾಂಪ್ ಮುಗಿದ ಮೇಲೆ ಅದೇ ಕಂಬಿಗಳನ್ನು ಅದರ ಅಂಚಿಗೆ ಹಾಕಿಸಬೇಕು ಅಂತಿದ್ದರು. ಮೀಟಿಂಗಿನಲ್ಲಿ ಏನು ಕೇಳಿದರು, ಯಾಕೆ ತಡ ಅಂತ ಮನೆಯಲ್ಲಿ ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ ಅಂತ. "ನನಗೆ ಗೊತ್ತಿದ್ದಿದ್ರೆ..." ಎಂದು ಆಂಟಿ ದುಪಟ್ಟಾಗೆ ಮುಖ ಒತ್ತಿದರು. "ನಾನೂ ಅವರನ್ನ ಕೇಳಲಿಲ್ಲ ಗಿರಿಜಾ. ಮಾತು ಕೇಳಿಸಲ್ಲ ಅಂತ ಕೇಳೋದನ್ನೇ ಬಿಟ್ಟಿದ್ದೆ." ಮನೆ ಮಾರಿದ ಮೇಲೆ ಅಂಕಲ್ ಕಂಬಿಗಳನ್ನು ಮನೆಗೇ ಬಿಟ್ಟರು. ಮನೆಯವು, ಮನೆಗೇ ಇರಲಿ ಅಂತ. ಒಂದನ್ನು ಮಾತ್ರ ತಂದರು; ಉಳಿದದ್ದು ಅದೊಂದೇ ಅಂತ ಆಂಟಿ ತಿಳಿದಿದ್ದರು. ದಿನಾ ಮೆಟ್ಟಿಲು ಇಳಿಯುವ ಮೊದಲು ಅವರು ಕೈಯಿಡು‌ತ್ತಿದ್ದ ಜಾಗದ್ದು.

ನಾನು ಕೆಳಗೆ ಕಾರ್ಪೆಟ್ ಮೇಲೆ ಕೂತೆ. "ತಪ್ಪು ನಂದು ಅಂಕಲ್. ಮಾಡಿಸ್ರಿ ಅಂದಾಕಿ ನಾನು. ಆಂಟಿ ನನ್ನ ಹೆಸರು ಹೇಳಲಿಲ್ಲ, ನಾ ಬಾಗಿಲ ಹೊರಗ ನಿಂತು ಎಲ್ಲಾ ಕೇಳಿಸಿಕೊಂಡೆ. ಒಳಗ ಬಂದು ಹೇಳಬೇಕಿತ್ತು. ಆ ಚಳಿಗಾಲ ಒಮ್ಮೆ ನಿಮ್ಮನ್ನ ನೋಡಾಕ ಬಂದಿದ್ರೂ ಸಾಕಾಗಿತ್ತು." ಅಳಬಾರದು ಅಂದುಕೊಂಡೇ ಹೋಗಿದ್ದೆ, ಅಳು ಬಂತು. "ಬುಧವಾರ ಮೀಟಿಂಗ್ ಐತಿ. ಅಲ್ಲಿ ಎಲ್ಲಾ ಹೇಳ್ತೀನಿ. ನಂಬರ್ ಯಾರು ಬರೆದದ್ದು, ಯಾರು ಉಳಿಸಿದ್ದು, ಯಾರ ತಪ್ಪು. ಎಲ್ಲಾ."

ಅಂಕಲ್ ಕಂಬಿಯ ತುದಿಯಿಂದ ನನ್ನ ಹೆಗಲಿಗೆ ಮೆಲ್ಲಗೆ ತಟ್ಟಿ ಹತ್ತಿರ ಕರೆದರು. ಈ ಸಲ ಆಂಟಿಗಲ್ಲ, ನನಗೇ ಹೇಳಿದರು. ಕಿವಿ ಅವರ ಬಾಯಿಗೆ ತಾಕುವಷ್ಟು ಬಗ್ಗಿದೆ.

"ಎಲ್ಲ ಹೇಳು. ಇದು ನನ್ನ ಹತ್ರ ಇದೆ ಅಂತ ಮಾತ್ರ ಹೇಳಬೇಡ." ಉಸಿರು ತೆಗೆದುಕೊಂಡರು. "ಆವತ್ತು ಸುಮ್ಮನಿದ್ದೆಯಲ್ಲ ಗಿರಿಜಮ್ಮ. ಹಾಗೇ ಸುಮ್ಮನಿರು."

ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ತಮಾಷೆಯೂ ಪೂರ್ತಿ ಇರಲಿಲ್ಲ. ಮಾಡಿಸಿ ಅಂದವಳು ನಾನೇ ಅಂತ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಅಷ್ಟೇ.

ಬುಧವಾರ ಸಂಜೆ ಮೀಟಿಂಗಿನಲ್ಲಿ ವಾಲ್ಟ್ ಬಡಗಿಯ ಗುರುತುಗಳ ಬಗ್ಗೆ ಮೂರು ಪುಟ ಬರೆದು ತಂದಿದ್ದ. ಓದಲು ಬಿಡಲಿಲ್ಲ. ನಿಂತುಕೊಂಡೇ ಹೇಳಿದೆ. ಅವು ನನ್ನ ಭಾಷೆಯ ಅಂಕಿಗಳು. ಬರೆದವರು ಮೈಸೂರಿನ ಬಡಗಿಯ ಮಗ ಅಬ್ದುಲ್ ಹಮೀದ್. ಈ ಕಂಬಿಗಳನ್ನು ನಾವು ಯಾರೂ ಉಳಿಸಲಿಲ್ಲ, ಅವರು ಉಳಿಸಿದರು. ಅನುಮತಿ ಇಲ್ಲದೆ ಕೆಲಸ ಶುರು ಮಾಡಿ ಎಂದು ಅವರ ಮನೆಯವರಿಗೆ ಹೇಳಿದವಳು ನಾನು, ಇದೇ ಕುರ್ಚಿಯಲ್ಲಿ ಕೂತಿದ್ದವಳು. ರಾಜೀನಾಮೆ ಪತ್ರ ಬ್ಯಾಗಿನಲ್ಲಿತ್ತು, ಮುಂದಿಟ್ಟೆ. ಲಾಯರಮ್ಮ ಬರೆದುಕೊಳ್ಳುತ್ತಲೇ ಇದ್ದಳು. ವಾಲ್ಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ತನ್ನ ಮೂರು ಪುಟ ಮಡಚಿ ಜೇಬಿಗೆ ಹಾಕಿಕೊಂಡ. "ಆ ನವೆಂಬರಿನಲ್ಲಿ ನಾವು ಒಬ್ಬರಾದರೂ ಅವರ ಮನೆಗೆ ಹೋಗಿ ನೋಡಬಹುದಿತ್ತು" ಎಂದ. ಅವನೂ ಸುಸ್ತಾದಂತೆ ಕಂಡ.

ಆಮೇಲೆ, ಕೆಲಸ ಮುಗಿಸಬೇಕಲ್ಲ, ಕೇಳಿದ: "ಹದಿನೇಳನೆಯದು ಎಲ್ಲಿ ಹೋಯಿತು ಅಂತ ನಿನಗೇನಾದರೂ ಗೊತ್ತಾ?"

"ಇಲ್ಲ" ಅಂದೆ. ಮೊದಲಿನ ನಿಜ ಹೇಳಲು ಮೂರು ವರ್ಷ ಹಿಡಿದಿತ್ತು. ಈ ಸುಳ್ಳಿಗೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಒಂದು ಹೊಸದು ಕಡೆಸಿ ಹಾಕಲಿ ಎಂದು ಬರೆದುಕೊಂಡರು.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತಿದ್ದಾಗ ಆಂಟಿಯ ಫೋನು ಬಂತು. "ಅಂಕಲ್ ಆಗಲಿಂದ ಪೀಡಿಸ್ತಿದ್ದಾರೆ, ಹೇಳಿದಳಾ ಕೇಳು, ಹೇಳಿದಳಾ ಕೇಳು ಅಂತ."

"ಉಳಿದದ್ದೆಲ್ಲಾ ಹೇಳೀನಿ ಅನ್ರಿ. ಅದೊಂದು ಹೇಳಿಲ್ಲ."

ಆಂಟಿ ಫೋನ್ ಪಕ್ಕಕ್ಕಿಟ್ಟು ಹೇಳಿದ್ದು ಕೇಳಿಸಿತು. ಅಂಕಲ್ ದನಿ ಈಗ ಫೋನಿಗೆ ಸಿಗುವಷ್ಟಿಲ್ಲ. ಕಾದೆ.

"ನಗ್ತಾ ಇದ್ದಾರೆ ಕಣಮ್ಮ" ಎಂದರು ಆಂಟಿ.